ಖಾಲಿ ಹುದ್ದೆಯಿಂದ ನೇಮಕಾತಿ ಪತ್ರದವರೆಗೆ: ದಾವಣಗೆರೆ ಸೀಮೆಯ ಉದ್ದಿಮೆಗಳಿಗೆ ಒಂದು ಮಾರ್ಗದರ್ಶಿ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಾಗಲಿ, ಹರಿಹರದ ಕಡೆಯ ಅಕ್ಕಿ ಗಿರಣಿಯಲ್ಲಾಗಲಿ, ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಾಗಲಿ, ಕೆಲಸಕ್ಕೆ ಜನ ಬೇಕಾದಾಗ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ‘ಯಾರಾದ್ರೂ ಒಳ್ಳೇ ಹುಡುಗ ಇದ್ರೆ ಹೇಳ್ರಿ.’ ಈ ಮಾತಿನಲ್ಲಿ ಯಾವ ಕೆಲಸಕ್ಕೆ ಎಂಬುದು ಇಲ್ಲ, ಒಳ್ಳೆಯತನವನ್ನು ಯಾವುದರಿಂದ ಅಳೆಯುತ್ತೇವೆ ಎಂಬುದೂ ಇಲ್ಲ. ಜೊತೆಗೆ ‘ಹುಡುಗ’ ಎಂದ ಕೂಡಲೇ ಅರ್ಹರಾದ ಎಷ್ಟೋ ಹೆಣ್ಣುಮಕ್ಕಳು ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಈ ಭಾಗದ ಸಣ್ಣ ಮತ್ತು ಮಧ್ಯಮ ಗಾತ್ರದ ಘಟಕಗಳ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ದುಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ನೇಮಕಾತಿ ಕೆಡುವುದು ಸಂದರ್ಶನದ ಕೋಣೆಯಲ್ಲಿ ಅಲ್ಲ, ಅದಕ್ಕೆ ಬಹಳ ಮುಂಚೆ, ಕೆಲಸ ಏನೆಂದು ಯಾರೂ ಕಾಗದದ ಮೇಲೆ ಬರೆಯದೆ ಬಿಟ್ಟ ದಿನ. ಆದ್ದರಿಂದ ಈ ಲೇಖನದಲ್ಲಿ ಮೊದಲ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ವರ್ಷಕ್ಕೆ ನಾಲ್ಕೈದು ಜನರನ್ನು ತೆಗೆದುಕೊಳ್ಳುವ ಮಾಲೀಕರಿಗೂ ವ್ಯವಸ್ಥಾಪಕರಿಗೂ ಇದನ್ನು ಬರೆದಿದ್ದರೂ, ಕೆಲಸ ಹುಡುಕುತ್ತಿರುವವರು ಓದಿದರೆ ಗೇಟಿನ ಒಳಗೆ ಏನು ನಡೆಯುತ್ತದೆ ಎಂಬುದು ಅವರಿಗೂ ತಿಳಿಯುತ್ತದೆ.

ಹುದ್ದೆ ಹುಟ್ಟುವುದು ಹೇಗೆ

ಒಂದು ಹುದ್ದೆ ಖಾಲಿಯಾಗುವುದಕ್ಕೆ ಸಾಮಾನ್ಯವಾಗಿ ಕೆಲವೇ ಕಾರಣಗಳಿರುತ್ತವೆ. ಇದ್ದವರು ಬಿಟ್ಟುಹೋಗುತ್ತಾರೆ ಅಥವಾ ನಿವೃತ್ತರಾಗುತ್ತಾರೆ. ಹೊಸ ಯಂತ್ರ, ಹೊಸ ಶಿಫ್ಟ್ ಅಥವಾ ಹೊಸ ಗ್ರಾಹಕ ಬರುತ್ತಾನೆ. ಇಲ್ಲವೇ ಸುಗ್ಗಿ ಬರುತ್ತದೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೊಂದು ಕ್ರಮವಿದೆ. ಏಪ್ರಿಲ್‌ನಲ್ಲಿ ಆರಂಭವಾಗುವ ಆರ್ಥಿಕ ವರ್ಷಕ್ಕೆ ಮೊದಲೇ ಪ್ರತಿಯೊಂದು ವಿಭಾಗವೂ ತನಗೆ ಎಷ್ಟು ಜನ ಬೇಕೆಂದು ಲೆಕ್ಕ ಕೊಡುತ್ತದೆ, ಹಣಕಾಸು ವಿಭಾಗ ಅದನ್ನು ಪರಿಶೀಲಿಸುತ್ತದೆ, ಮಂಜೂರಾದ ಸಂಖ್ಯೆಯೊಳಗೆ ಮಾತ್ರ ಎಚ್‌ಆರ್ ವಿಭಾಗ ಹುಡುಕಾಟ ಆರಂಭಿಸುತ್ತದೆ. ವರ್ಷದ ನಡುವೆ ಯಾರಾದರೂ ಬಿಟ್ಟರೆ ವಿಭಾಗದ ಮುಖ್ಯಸ್ಥರು ಬೇಡಿಕೆಯ ನಮೂನೆಯೊಂದನ್ನು ಭರ್ತಿ ಮಾಡಿ, ಈ ಜಾಗವನ್ನು ಏಕೆ ತುಂಬಬೇಕೆಂದು ಕಾರಣ ಬರೆಯಬೇಕಾಗುತ್ತದೆ. ಬಹಳಷ್ಟು ಕಂಪನಿಗಳು ಹೊರಗಿನವರನ್ನು ಕರೆಯುವ ಮೊದಲು ಒಳಗಿನ ಸಿಬ್ಬಂದಿಗೆ ಅವಕಾಶ ಕೊಡುತ್ತವೆ. ಈ ಕಾಗದದ ಕೆಲಸ ಸಣ್ಣ ಘಟಕಕ್ಕೆ ಹೊರೆ ಎನಿಸಬಹುದು, ಆದರೆ ‘ಏಕೆ ತುಂಬಬೇಕು’ ಎಂಬ ಪ್ರಶ್ನೆ ಮಾತ್ರ ಹತ್ತು ಜನರ ಘಟಕಕ್ಕೂ ಅಷ್ಟೇ ಬೇಕು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ನಮ್ಮದು ಮೆಕ್ಕೆಜೋಳ ಕೊಂಡು ಸಂಸ್ಕರಿಸುವ ಘಟಕ ಎಂದಿಟ್ಟುಕೊಳ್ಳಿ. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಒಬ್ಬ ಗುಮಾಸ್ತ ಇದ್ದಾರೆ, ಇನ್ನೊಬ್ಬರು ಬೇಕೆಂದು ಅವರು ಕೇಳುತ್ತಿದ್ದಾರೆ. ಮುಂಗಾರಿನ ಬೆಳೆ ಕಟಾವಾಗಿ ಬರುವ ಮೂರು ತಿಂಗಳು ದಿನಕ್ಕೆ 60 ಲಾರಿ, ಉಳಿದ ದಿನಗಳಲ್ಲಿ 12 ಲಾರಿ ಬರುತ್ತವೆ. ಒಂದು ಲಾರಿಯ ತೂಕ, ತೇವಾಂಶ, ಚೀಟಿ, ದಾಖಲೆ ಎಲ್ಲ ಸೇರಿ 10 ನಿಮಿಷ ಹಿಡಿಯುತ್ತದೆ. ಹಾಗಾದರೆ ಸುಗ್ಗಿಯಲ್ಲಿ ದಿನಕ್ಕೆ 600 ನಿಮಿಷ, ಅಂದರೆ ಹತ್ತು ಗಂಟೆಯ ಕೆಲಸ. ಉಳಿದ ಕಾಲದಲ್ಲಿ ಎರಡು ಗಂಟೆಯ ಕೆಲಸ. ಈ ಲೆಕ್ಕ ಹಾಕಿದ ಮೇಲೆ ಎರಡನೆಯ ಕಾಯಂ ಗುಮಾಸ್ತರ ಅಗತ್ಯವಿಲ್ಲ, ಮೂರು ತಿಂಗಳ ನಿಗದಿತ ಅವಧಿಗೆ ಒಬ್ಬರು ಸಾಕು ಎಂಬುದು ತಾನಾಗಿಯೇ ಕಾಣುತ್ತದೆ. ಅಥವಾ ಉಳಿದ ಒಂಬತ್ತು ತಿಂಗಳು ಅವರಿಗೆ ಉಗ್ರಾಣದ ಲೆಕ್ಕವನ್ನು ವಹಿಸುವುದಾದರೆ ಕಾಯಂ ಹುದ್ದೆಯೂ ಸರಿಯೇ, ಆದರೆ ಆಗ ನೀವು ಹುಡುಕಬೇಕಾದ ವ್ಯಕ್ತಿ ಬೇರೆ. ಈ ಲೆಕ್ಕವಿಲ್ಲದೆ ಕಾಯಂ ಎಂದು ತೆಗೆದುಕೊಂಡು, ಸಂಕ್ರಾಂತಿ ಮುಗಿದ ಮೇಲೆ ‘ಇನ್ನು ಬರಬೇಡಿ’ ಎನ್ನುವುದನ್ನು ನಾನು ಕಂಡಿದ್ದೇನೆ. ಹಾಗೆ ಹೇಳಿಸಿಕೊಂಡವರ ಮನೆಯಲ್ಲಿ ಆ ಸಂಬಳವನ್ನೇ ನಂಬಿ ಕಂತಿನಲ್ಲಿ ಬೈಕ್ ಕೊಂಡಿರುತ್ತಾರೆ, ತಂಗಿಯ ಕಾಲೇಜಿಗೆ ಶುಲ್ಕ ಕಟ್ಟಿರುತ್ತಾರೆ.

ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಿರಿ

ಮುಂದಿನ ಹೆಜ್ಜೆ ಅತ್ಯಂತ ಮುಖ್ಯವಾದದ್ದು, ಮತ್ತು ಅತಿ ಹೆಚ್ಚು ಜನ ಬಿಟ್ಟುಬಿಡುವಂಥದ್ದು. ಆ ಹುದ್ದೆಯಲ್ಲಿರುವವರು ಬೆಳಗ್ಗೆ ಬಂದಾಗಿನಿಂದ ಹೊರಡುವವರೆಗೆ ಏನೇನು ಮಾಡುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಮಾಲೀಕರು ತಮ್ಮ ಕೋಣೆಯಲ್ಲಿ ಕುಳಿತು ಬರೆಯುವುದಕ್ಕಿಂತ, ಈಗ ಆ ಕೆಲಸ ಮಾಡುತ್ತಿರುವವರ ಪಕ್ಕದಲ್ಲಿ ಅರ್ಧ ದಿನ ನಿಂತು ಬರೆಯುವುದು ಮೇಲು. ‘ತೂಕದ ಜವಾಬ್ದಾರಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ತುಂಬಿದ ಲಾರಿಯ ತೂಕ ಮತ್ತು ಖಾಲಿ ಲಾರಿಯ ತೂಕ ದಾಖಲಿಸುವುದು, ತೇವಾಂಶ ಮಾಪಕದಲ್ಲಿ ಮಾದರಿ ನೋಡುವುದು, ಕಡಿತ ಲೆಕ್ಕ ಹಾಕಿ ಚೀಟಿ ಕೊಡುವುದು, ರೈತರು ಆಕ್ಷೇಪ ಎತ್ತಿದರೆ ಅವರ ಎದುರಿಗೇ ಮತ್ತೊಮ್ಮೆ ತೂಗಿ ತೋರಿಸುವುದು, ಸಂಜೆ ಕಂಪ್ಯೂಟರಿನ ಮೊತ್ತವನ್ನು ಚೀಟಿಗಳೊಂದಿಗೆ ತಾಳೆ ನೋಡುವುದು’ ಎಂದು ಬರೆದರೆ ಕೆಲಸ ಕಣ್ಣಿಗೆ ಕಟ್ಟುತ್ತದೆ.

ಈ ಹಾಳೆಯನ್ನು ಮುಂದಿಟ್ಟುಕೊಂಡು ಅರ್ಹತೆಗಳನ್ನು ಎರಡು ಭಾಗ ಮಾಡಿ. ಮೊದಲ ದಿನವೇ ಇರಲೇಬೇಕಾದದ್ದು ಯಾವುದು, ಒಂದು ತಿಂಗಳಲ್ಲಿ ಕಲಿಸಬಹುದಾದದ್ದು ಯಾವುದು ಎಂದು ಬೇರ್ಪಡಿಸಿ. ನಮ್ಮ ಉದಾಹರಣೆಯಲ್ಲಿ ಕೂಡು-ಕಳೆಯ ಲೆಕ್ಕದಲ್ಲಿ ತಪ್ಪದಿರುವುದು, ಕನ್ನಡ ಓದು-ಬರಹ, ಜಗಳಕ್ಕೆ ಬಂದವರೊಡನೆ ತಾಳ್ಮೆಯಿಂದ ಮಾತನಾಡುವುದು ಮೊದಲ ಭಾಗಕ್ಕೆ ಸೇರುತ್ತವೆ. ತೂಕದ ಸಾಫ್ಟ್‌ವೇರ್ ಬಳಕೆ ಎರಡನೆಯದು, ಒಂದು ವಾರದಲ್ಲಿ ಬರುತ್ತದೆ. ಬಿ.ಕಾಂ. ಪದವಿ ಈ ಎರಡರಲ್ಲೂ ಇಲ್ಲ. ಇಂಗ್ಲಿಷ್ ಮಾತುಗಾರಿಕೆಯೂ ಇಲ್ಲ. ಹಾಗಿದ್ದೂ ‘ಪದವಿ ಕಡ್ಡಾಯ, ಇಂಗ್ಲಿಷ್ ಬಲ್ಲವರಿಗೆ ಆದ್ಯತೆ’ ಎಂದು ಅಭ್ಯಾಸಬಲದಿಂದ ಸೇರಿಸಿ, ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬರಬಹುದಾದ ಚುರುಕಾದ ಪಿಯುಸಿ ಓದಿದವರನ್ನು ನಾವೇ ಬಾಗಿಲಾಚೆ ನಿಲ್ಲಿಸುತ್ತೇವೆ.

ಸಂಬಳವನ್ನು ಈಗಲೇ ಲೆಕ್ಕ ಹಾಕಿ

ಜಾಹೀರಾತಿಗೆ ಮೊದಲೇ ಹುದ್ದೆಯ ಪೂರ್ಣ ವೆಚ್ಚವನ್ನು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಆಯ್ಕೆಯಾದ ಮೇಲೆ ಚೌಕಾಸಿ ಶುರುವಾಗಿ ಇಬ್ಬರ ಮನಸ್ಸೂ ಕೆಡುತ್ತದೆ. ತಿಂಗಳ ಒಟ್ಟು ಸಂಬಳ 18,000 ರೂಪಾಯಿ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳಿ. 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಘಟಕಕ್ಕೆ ಭವಿಷ್ಯ ನಿಧಿ ಅನ್ವಯಿಸುತ್ತದೆ. 15,000ದ ಮೇಲೆ ನೌಕರರಿಂದ ಶೇ 12, ಅಂದರೆ 1,800 ರೂಪಾಯಿ, ಮಾಲೀಕರಿಂದಲೂ 1,800 ರೂಪಾಯಿ, ಜೊತೆಗೆ ವಿಮೆ ಮತ್ತು ಆಡಳಿತ ಶುಲ್ಕವೆಂದು ಮಾಲೀಕರಿಂದ ಸುಮಾರು 150 ರೂಪಾಯಿ ಹೋಗುತ್ತದೆ. ಸಂಬಳ 21,000 ರೂಪಾಯಿಯೊಳಗೆ ಇರುವುದರಿಂದ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯೂ ಸೇರುತ್ತದೆ. 2019ರ ಜುಲೈನಿಂದ ಇರುವ ದರದಂತೆ ನೌಕರರಿಂದ ಶೇ 0.75, ಅಂದರೆ 135 ರೂಪಾಯಿ, ಮಾಲೀಕರಿಂದ ಶೇ 3.25, ಅಂದರೆ 585 ರೂಪಾಯಿ. ಎಲ್ಲ ಕೂಡಿದರೆ ಮಾಲೀಕರಿಗೆ ತಿಂಗಳಿಗೆ 20,535 ರೂಪಾಯಿ ವೆಚ್ಚವಾಗುತ್ತದೆ, ಗುಮಾಸ್ತರ ಕೈಗೆ 16,065 ರೂಪಾಯಿ ಸೇರುತ್ತದೆ. ಬೋನಸ್, ಗ್ರಾಚ್ಯುಟಿ, ರಜೆಯ ಸಂಬಳ ಇದರ ಮೇಲೆ. ಎರಡು ಸಂಖ್ಯೆಗಳ ನಡುವಿನ ಅಂತರ 4,470 ರೂಪಾಯಿ. ಮಾಲೀಕರು ಮೊದಲ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಭ್ಯರ್ಥಿ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದರೆ ಮೊದಲ ತಿಂಗಳ ಸಂಬಳದ ದಿನವೇ ಅಪನಂಬಿಕೆ ಹುಟ್ಟುತ್ತದೆ. ಆ ಹುದ್ದೆಗೆ ರಾಜ್ಯ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ನಿಮ್ಮ ಮೊತ್ತ ಕಡಿಮೆಯಾಗದಂತೆ ನೋಡಿಕೊಳ್ಳುವುದು ಹೇಗೂ ಕಡ್ಡಾಯ.

ತಿಳಿಸುವುದು

ಜಾಹೀರಾತಿನಲ್ಲಿ ಐದು ಸಂಗತಿಗಳು ಸ್ಪಷ್ಟವಾಗಿರಬೇಕು: ಕೆಲಸ ಏನು, ಎಲ್ಲಿ, ಯಾವ ಹೊತ್ತಿನಲ್ಲಿ, ಸಂಬಳ ಎಷ್ಟು, ಎಷ್ಟು ಕಾಲದ ಹುದ್ದೆ. ಹೊತ್ತಿನ ವಿಷಯವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಬಹಳ ಹಿಂದೆ ನಾನಿದ್ದ ಒಂದು ಘಟಕದಲ್ಲಿ ಉಗ್ರಾಣಕ್ಕೆ ಒಬ್ಬ ಯುವತಿಯನ್ನು ಆರಿಸಿದೆವು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದವರು. ವಾರ ಬಿಟ್ಟು ವಾರ ರಾತ್ರಿ ಹತ್ತರವರೆಗೆ ಕೆಲಸ ಇರುತ್ತದೆ ಎಂಬುದನ್ನು ಜಾಹೀರಾತಿನಲ್ಲಿ ನಾನು ಬರೆದಿರಲಿಲ್ಲ, ಸಂದರ್ಶನದಲ್ಲಿಯೂ ಹೇಳಲಿಲ್ಲ. ಅವರ ಊರಿನ ಕೊನೆಯ ಬಸ್ಸು ಎಂಟಕ್ಕೆ ಮುಂಚೆಯೇ ಹೊರಡುತ್ತಿತ್ತು. ಎರಡನೆಯ ವಾರದ ಸೋಮವಾರ ಅವರ ತಂದೆ ಮೊಪೆಡ್‌ನಲ್ಲಿ ಬಂದು ಗೇಟಿನ ಹೊರಗೆ ಎರಡು ಗಂಟೆ ಕಾದು ಮಗಳನ್ನು ಕರೆದುಕೊಂಡು ಹೋದರು. ಬುಧವಾರ ಅವರು ಕೆಲಸ ಬಿಟ್ಟರು. ತಪ್ಪು ಪೂರ್ತಿಯಾಗಿ ನನ್ನದು. ಒಂದು ಸಾಲು ಬರೆದಿದ್ದರೆ ಅವರು ಅರ್ಜಿಯನ್ನೇ ಹಾಕುತ್ತಿರಲಿಲ್ಲ, ಅಥವಾ ವಾಹನದ ವ್ಯವಸ್ಥೆ ಕೇಳುತ್ತಿದ್ದರು, ನಾವು ಮಾಡಿಯೂ ಕೊಡುತ್ತಿದ್ದೆವು.

ಎಲ್ಲಿ ತಿಳಿಸಬೇಕು ಎಂಬುದು ಹುದ್ದೆಯನ್ನು ಅವಲಂಬಿಸುತ್ತದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕಾದರೆ ಐಟಿಐಗಳ ಸೂಚನಾ ಫಲಕ ಸಾಕು. ಎಂಜಿನಿಯರ್ ಬೇಕಾದರೆ ನಮ್ಮ ಊರಿನಲ್ಲೇ ಯುಬಿಡಿಟಿ ಮತ್ತು ಬಿಐಇಟಿ ಕಾಲೇಜುಗಳಿವೆ, ಅವುಗಳ ಪ್ಲೇಸ್‌ಮೆಂಟ್ ವಿಭಾಗಕ್ಕೆ ಪತ್ರ ಬರೆಯಬಹುದು. ಬೆಂಗಳೂರಿನ ಕಂಪನಿಗಳು ಇಲ್ಲಿಗೆ ಬಂದು ಮಕ್ಕಳನ್ನು ಆರಿಸಿಕೊಂಡು ಹೋಗುವಾಗ ಇಲ್ಲಿಯ ಕಾರ್ಖಾನೆಗಳು ಒಂದು ಪತ್ರವನ್ನೂ ಬರೆಯದಿರುವುದು ನನಗೆ ಸದಾ ಬೇಸರದ ವಿಷಯ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಖರ್ಚಿಲ್ಲದೆ ಹುದ್ದೆಯನ್ನು ಪ್ರಕಟಿಸಬಹುದು. ಒಂದು ಗಾತ್ರಕ್ಕೆ ಮೇಲ್ಪಟ್ಟ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಸರ್ಕಾರದ ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂಬ ನಿಯಮ 1959ರ ಕಾಯ್ದೆಯಿಂದಲೇ ಬಂದದ್ದು ಎಂಬುದನ್ನೂ ಮರೆಯಬಾರದು.

ಇನ್ನು ಶಿಫಾರಸು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಹತ್ತಿ ಗಿರಣಿಗಳ ಕಾಲದಲ್ಲಿ ದೇಶದ ಗಿರಣಿಗಳಲ್ಲೆಲ್ಲ ‘ಬದಲಿ’ ಕಾರ್ಮಿಕರ ಪದ್ಧತಿ ಇತ್ತು. ಕಾಯಂ ಕಾರ್ಮಿಕರು ಬಾರದ ದಿನ ಗೇಟಿನ ಬಳಿ ಕಾದವರಲ್ಲಿ ಕೆಲವರಿಗೆ ಕೆಲಸ ಸಿಗುತ್ತಿತ್ತು, ಯಾರಿಗೆ ಎಂಬುದು ಪರಿಚಯದ ಮೇಲೆ ನಿಲ್ಲುತ್ತಿತ್ತು. ಗಿರಣಿಗಳು ಮುಚ್ಚಿದವು, ಪರಿಚಯದಿಂದ ಕೆಲಸ ಕೊಡುವ ಅಭ್ಯಾಸ ಉಳಿಯಿತು. ಸಿಬ್ಬಂದಿ ತಮಗೆ ಗೊತ್ತಿರುವವರ ಹೆಸರು ಸೂಚಿಸುವುದು ತಪ್ಪಲ್ಲ, ಹಾಗೆ ಬಂದವರು ಕೆಲಸದ ಸ್ವರೂಪವನ್ನು ಮೊದಲೇ ತಿಳಿದುಕೊಂಡಿರುತ್ತಾರೆ. ಆದರೆ ಎಲ್ಲ ಜಾಗಗಳನ್ನೂ ಹಾಗೆಯೇ ತುಂಬಿದರೆ ಒಂದು ಓಣಿಯವರು, ಒಂದು ಜಾತಿಯವರು ಮಾತ್ರ ಒಳಗೆ ಬರುತ್ತಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬೇರೆ ಮಾಡಿ ಕಳಿಸಿದ್ದರು. ದಲಿತರೆಂದು ಸೂಚಿಸುವ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಸ್ಪಷ್ಟವಾಗಿ ಕಡಿಮೆ ಇತ್ತು. ಆದ್ದರಿಂದ ಶಿಫಾರಸಿನಿಂದ ಬಂದವರಿಗೂ ಅದೇ ಅರ್ಜಿ, ಅದೇ ಪರೀಕ್ಷೆ ಇರಲಿ.

ಅರ್ಜಿಗಳನ್ನು ಸೋಸುವುದು

ಅರ್ಜಿಗಳು ಬಂದ ಮೇಲೆ ಮೊದಲ ಹಾಳೆಯ ‘ಇರಲೇಬೇಕಾದದ್ದು’ ಪಟ್ಟಿಯನ್ನು ಮಾತ್ರ ಮುಂದಿಟ್ಟುಕೊಳ್ಳಿ. ಹೆಸರು, ಊರು, ಭಾವಚಿತ್ರ ಕಾಣದಂತೆ ಮೇಲೊಂದು ಕಾಗದ ಇಟ್ಟು, ಇಬ್ಬರು ಪ್ರತ್ಯೇಕವಾಗಿ ನೋಡಿ, ಆಮೇಲೆ ಪಟ್ಟಿಗಳನ್ನು ಹೋಲಿಸಿದರೆ ಸಾಕು. ಓದಿನ ನಡುವೆ ಎರಡು ವರ್ಷ ಖಾಲಿ ಇದ್ದರೆ ಅದನ್ನೇ ತಿರಸ್ಕಾರಕ್ಕೆ ಕಾರಣ ಮಾಡಬೇಡಿ. ಬರಗಾಲದಲ್ಲಿ ಹೊಲ ನೋಡಿಕೊಂಡವರು, ಹೆರಿಗೆಯ ನಂತರ ಮಗುವನ್ನು ಸಾಕಿದವರು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

ಕೆಲಸ ಕೊಟ್ಟು ನೋಡಿ, ಆಮೇಲೆ ಮಾತಾಡಿಸಿ

ಆಯ್ಕೆಯ ವಿಧಾನಗಳ ಬಗ್ಗೆ ಜಗತ್ತಿನಲ್ಲಿ ಬಹಳ ಸಂಶೋಧನೆ ನಡೆದಿದೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅವರು 1998ರಲ್ಲಿ, ಅದುವರೆಗಿನ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದರು. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಆ ಲೆಕ್ಕಗಳನ್ನು ಮರುಪರಿಶೀಲಿಸಿದರು. ಸಂಖ್ಯೆಗಳು ಬದಲಾದರೂ ಎರಡರಲ್ಲೂ ಉಳಿದ ಮಾತಿದೆ: ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಕೊಡುವ ಸಂದರ್ಶನ ಮತ್ತು ಅದೇ ಕೆಲಸದ ತುಣುಕನ್ನು ಮಾಡಿಸಿ ನೋಡುವ ಪರೀಕ್ಷೆ ಒಳ್ಳೆಯ ಸೂಚನೆ ಕೊಡುತ್ತವೆ; ಎಷ್ಟು ವರ್ಷ ಅನುಭವ ಎಂಬ ಸಂಖ್ಯೆಯೊಂದೇ ಹೆಚ್ಚೇನೂ ಹೇಳುವುದಿಲ್ಲ.

ನಮ್ಮ ವೇಬ್ರಿಡ್ಜ್ ಗುಮಾಸ್ತರ ಪರೀಕ್ಷೆ ಹೀಗಿರಬಹುದು. ಅಭ್ಯರ್ಥಿಯ ಮುಂದೆ ಐದು ಚೀಟಿಗಳನ್ನಿಟ್ಟು, ಇವುಗಳನ್ನು ಪರಿಶೀಲಿಸಿ ದಾಖಲೆ ಪುಸ್ತಕದಲ್ಲಿ ಬರೆಯಿರಿ ಎಂದು ಹೇಳಿ, ಇಪ್ಪತ್ತು ನಿಮಿಷ ಕೊಡಿ. ಮೂರನೆಯ ಚೀಟಿಯಲ್ಲಿ ತುಂಬಿದ ಲಾರಿ 24,860 ಕೆ.ಜಿ., ಖಾಲಿ ಲಾರಿ 8,940 ಕೆ.ಜಿ., ಮಾಲಿನ ತೂಕ 15,290 ಕೆ.ಜಿ. ಎಂದಿರುತ್ತದೆ. ಸರಿಯಾದ ಉತ್ತರ 15,920. ಎರಡು ಅಂಕಿಗಳು ಅದಲುಬದಲಾಗಿವೆ. ನೋಡಿದೊಡನೆ ಹಿಡಿಯಲಾಗದ ತಪ್ಪು ಇದು, ಆದರೆ ವ್ಯತ್ಯಾಸ 630 ಕೆ.ಜಿ., ಕ್ವಿಂಟಲ್‌ಗೆ 2,000 ರೂಪಾಯಿಯಂತೆ ಲೆಕ್ಕ ಹಿಡಿದರೂ ರೈತರಿಗೆ 12,600 ರೂಪಾಯಿ ನಷ್ಟ. ಕೆಲವರು ಸಂಖ್ಯೆಯನ್ನು ಹಾಗೆಯೇ ನಕಲು ಮಾಡುತ್ತಾರೆ. ಕೆಲವರು ತಪ್ಪು ಕಂಡರೂ ಕೇಳಲು ಹಿಂಜರಿದು ಸುಮ್ಮನೆ ತಿದ್ದಿ ಬರೆಯುತ್ತಾರೆ. ಒಬ್ಬರೋ ಇಬ್ಬರೋ ತಲೆಯೆತ್ತಿ, ‘ಸರ್, ಇದು ತಾಳೆ ಆಗ್ತಿಲ್ಲ, ಇನ್ನೊಂದ್ಸಲ ನೋಡ್ಬೇಕು’ ಎನ್ನುತ್ತಾರೆ. ಈ ಹುದ್ದೆಗೆ ಬೇಕಾದ ಗುಣ ಅದೇ, ಅದು ಯಾವ ಅಂಕಪಟ್ಟಿಯಲ್ಲಿಯೂ ಕಾಣುವುದಿಲ್ಲ. ಇನ್ನೊಂದು ಚೀಟಿಯಲ್ಲಿ ತೇವಾಂಶ ಶೇ 17 ಎಂದು ಕೊಟ್ಟು, ಶೇ 14ಕ್ಕಿಂತ ಮೇಲಿನ ಪ್ರತಿ ಒಂದು ಅಂಶಕ್ಕೆ ಕ್ವಿಂಟಲ್‌ಗೆ 1 ಕೆ.ಜಿ. ಕಡಿತ ಎಂಬ ನಿಯಮವನ್ನು ಮೇಲೆ ಬರೆದಿಡಿ. ಬರೆದ ನಿಯಮವನ್ನು ಓದಿ ಅನ್ವಯಿಸುವ ಶಕ್ತಿ ಅದರಿಂದ ತಿಳಿಯುತ್ತದೆ. ಪರೀಕ್ಷೆ ಅರ್ಧ ಗಂಟೆ ಮೀರಬಾರದು. ‘ಟ್ರಯಲ್’ ಎಂದು ಒಂದು ವಾರ ಸಂಬಳವಿಲ್ಲದೆ ದುಡಿಸಿಕೊಳ್ಳುವುದು ಪರೀಕ್ಷೆಯಲ್ಲ, ಶೋಷಣೆ.

ಸಂದರ್ಶನಕ್ಕೆ ಐದಾರು ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟು, ಎಲ್ಲರಿಗೂ ಅದೇ ಕ್ರಮದಲ್ಲಿ ಕೇಳಿ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗಿಂತ, ‘ತೂಕ ತಪ್ಪಾಗಿದೆ ಎಂದು ರೈತರೊಬ್ಬರು ಕೂಗಾಡುತ್ತಿದ್ದಾರೆ, ಹಿಂದೆ ಹತ್ತು ಲಾರಿ ನಿಂತಿವೆ, ನೀವೇನು ಮಾಡುತ್ತೀರಿ?’ ಎಂಬ ಪ್ರಶ್ನೆ ಮೇಲು. ‘ನಿಮ್ಮಿಂದ ಆದ ತಪ್ಪನ್ನು ನೀವೇ ಮೇಲಿನವರಿಗೆ ಹೇಳಬೇಕಾದ ಸಂದರ್ಭ ಬಂದಿತ್ತೇ?’ ಎಂದು ಕೇಳಬಹುದು. ಪ್ರತಿ ಉತ್ತರಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಿ, ಐದಕ್ಕೆ ಎಂತಹ ಉತ್ತರ ಎಂಬುದನ್ನು ಮುಂಚೆಯೇ ಬರೆದುಕೊಳ್ಳಿ, ಅಭ್ಯರ್ಥಿ ಹೊರಗೆ ಹೋದ ಕೂಡಲೇ ಅಂಕ ತುಂಬಿ, ಆಮೇಲೆ ಸಹ ಸಂದರ್ಶಕರೊಡನೆ ಮಾತಾಡಿ. ಈ ಕ್ರಮ ತಪ್ಪಿದರೆ ಕೋಣೆಯಲ್ಲಿರುವ ಹಿರಿಯರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗುತ್ತದೆ.

ಕೇಳಬಾರದ ಪ್ರಶ್ನೆಗಳೂ ಇವೆ. ಮದುವೆ ಯಾವಾಗ, ಮಕ್ಕಳೆಷ್ಟು, ಯಾವ ಪೈಕಿ ಎಂಬವು ಕೆಲಸಕ್ಕೆ ಸಂಬಂಧಿಸಿದ್ದಲ್ಲ. ‘ನಿಮ್ದು ಯಾವೂರು, ಯಾರ ಪೈಕಿ’ ಎಂದು ನಮ್ಮ ಕಡೆ ಸಹಜವಾಗಿ ಬಾಯಿಗೆ ಬರುತ್ತದೆ, ಕೇಳುವವರಲ್ಲಿ ಕೆಟ್ಟ ಉದ್ದೇಶ ಇಲ್ಲದೆಯೂ ಇರಬಹುದು; ಎದುರಿಗೆ ಕುಳಿತವರಿಗೆ ಮಾತ್ರ ಅದು ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ನೇಮಕಾತಿಯಲ್ಲಿ ಲಿಂಗದ ಆಧಾರದ ತಾರತಮ್ಯವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು, 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ.

ಮಾತು ಕೊಡುವುದು, ಬರೆದು ಕೊಡುವುದು

ಆಯ್ಕೆಯಾದವರ ಹಿಂದಿನ ಕೆಲಸದ ಬಗ್ಗೆ ವಿಚಾರಿಸುವುದಿದ್ದರೆ ಅವರ ಒಪ್ಪಿಗೆ ಪಡೆದೇ ಫೋನ್ ಮಾಡಿ; ಈಗಿರುವ ಕಡೆ ಗೊತ್ತಾದರೆ ಇದ್ದ ಕೆಲಸವೂ ಹೋಗಬಹುದು. ಅಂಕಪಟ್ಟಿಗಳ ಮೂಲ ಪ್ರತಿಯನ್ನು ನೋಡಿ ಕೂಡಲೇ ಹಿಂತಿರುಗಿಸಿ. ಬಿಟ್ಟು ಹೋಗದಿರಲಿ ಎಂದು ಮೂಲ ದಾಖಲೆಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಕೆಲಸ ಹುಡುಕುವವರಿಗೂ ಇಲ್ಲೊಂದು ಎಚ್ಚರಿಕೆ: ನೋಂದಣಿ, ತರಬೇತಿ, ಸಮವಸ್ತ್ರ ಎಂಬ ಯಾವ ಹೆಸರಿನಲ್ಲಾದರೂ ಕೆಲಸಕ್ಕೆ ಮುಂಚೆ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆಯ್ಕೆಯನ್ನು ಬಾಯಿಮಾತಿನಲ್ಲಿ ತಿಳಿಸಿದ ಮೇಲೆ ಪತ್ರವನ್ನೂ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೌಕರರಿಗೆ ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯವಾಗಿದೆ. ಹುದ್ದೆಯ ಹೆಸರು, ಸೇರುವ ದಿನ, ಸಂಬಳದ ವಿವರ, ಕೆಲಸದ ಹೊತ್ತು, ಪ್ರೊಬೇಷನ್ ಅವಧಿ, ಬಿಡುವಾಗ ಎಷ್ಟು ದಿನದ ಮುನ್ಸೂಚನೆ ಎಂಬುದೆಲ್ಲ ಅದರಲ್ಲಿರಲಿ. ಓದುವವರಿಗೆ ಕನ್ನಡವೇ ಅನುಕೂಲವಾದರೆ ಪತ್ರವೂ ಕನ್ನಡದಲ್ಲಿರಲಿ. ಆಯ್ಕೆಯಾಗದವರಿಗೆ ಎರಡು ಸಾಲಿನ ಸಂದೇಶ ಕಳಿಸುವುದನ್ನು ಬಿಡಬೇಡಿ. ಚನ್ನಗಿರಿಯ ಹಳ್ಳಿಯಿಂದ ಎರಡು ಬಸ್ಸು ಹಿಡಿದು ಬಂದವರು ವಾರಗಟ್ಟಲೆ ಫೋನ್ ನೋಡುತ್ತ ಕುಳಿತಿರುತ್ತಾರೆ.

ಹೊಸಬರು ಸೇರಿದ ಮೊದಲ ದಿನ ಹಳಬರೊಬ್ಬರನ್ನು ಅವರ ಜೊತೆಗೆ ಹಾಕಿ, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ, ಬ್ಯಾಂಕ್ ಖಾತೆ, ಇಎಸ್‌ಐ ನೋಂದಣಿ ಅದೇ ವಾರ ಮುಗಿಸಿ. ಪರೀಕ್ಷೆಯ ಚೀಟಿಗಳನ್ನೂ ಸಂದರ್ಶನದ ಅಂಕಗಳನ್ನೂ ಒಂದು ಕಡತದಲ್ಲಿ ಭದ್ರವಾಗಿಡಿ. ಮೂರು ತಿಂಗಳಾದ ಮೇಲೆ ಆ ಕಡತ ತೆರೆದು, ನೀವು ಕೊಟ್ಟ ಅಂಕಗಳನ್ನು ಅವರು ನಿಜವಾಗಿ ಮಾಡುತ್ತಿರುವ ಕೆಲಸದೊಂದಿಗೆ ಇಟ್ಟು ನೋಡಿ. ಯಾವ ಪ್ರಶ್ನೆ ಏನನ್ನೂ ತಿಳಿಸಲಿಲ್ಲವೋ ಅದನ್ನು ಹೊಡೆದುಹಾಕಿ, ಕೆಲಸದ ಹಾಳೆಯಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ, ಮುಂದಿನ ಸುಗ್ಗಿಯ ನೇಮಕಾತಿಗೆ ಅದನ್ನೇ ಮೊದಲ ಕಾಗದವಾಗಿ ಇಟ್ಟುಕೊಳ್ಳಿ.